ಮೂವತ್ತೊಂದು ಗೀಟು

ನನ್ನ ಕೆಲಸ ಕೂರುವುದು. ಹೀಗೆಂದರೆ ಜನ ನಗುತ್ತಾರೆ. ನಗಲಿ. ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಹೊಸ ನಮೂನೆಯ ಸೀಟು ತಯಾರಾದಾಗಲೆಲ್ಲ ಅದರ ಮೇಲೆ ಮೂರು ಗಂಟೆ ಕೂರಬೇಕು. ಅದು ಮನುಷ್ಯರು ಕೂರುವಂಥದ್ದೋ ಅಲ್ಲವೋ ಎನ್ನುವುದು ನನ್ನ ಮೈಯಿಂದ ತೀರ್ಮಾನವಾಗಬೇಕು. ಹನ್ನೊಂದು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ನಮ್ಮತ್ತೆ ನೆಂಟರ ಮುಂದೆ "ನಮ್ಮ ಸೊಸೆ ಕೂತು ತಿನ್ನೋಳು" ಎಂದು ಪರಿಚಯ ಮಾಡಿಸಿ, ಅವರು ಏನು ಹೇಳಬೇಕೆಂದು ತಿಳಿಯದೆ ಮುಖ ಮುಖ ನೋಡಿಕೊಳ್ಳುವುದನ್ನು ಕಂಡು ಖುಷಿಪಡುತ್ತಾರೆ.

ತಮಾಷೆಯೆಂದರೆ ನನಗೆ ಕೂರಲು ಬರುವುದಿಲ್ಲ. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸುವುದು ಬೇರೆ ಮಕ್ಕಳಿಗೆ ಶಿಕ್ಷೆ, ನನಗೆ ಬಿಡುಗಡೆ. "ಮೈಮೇಲೆ ಇರುವೆ ಬಿಟ್ಕೊಂಡಿದ್ದೀಯಾ?" ಎಂದು ಅಪ್ಪ ಬೈದರು, ಮೇಷ್ಟ್ರು ಬೈದರು, ಮದುವೆಯಾದ ಮೇಲೆ ಆ ಕೆಲಸವನ್ನು ಅತ್ತೆ ವಹಿಸಿಕೊಂಡರು. ದಿನಾ ಕಚೇರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಕಾಲದಲ್ಲಿ ಸೀಟುಗಳ ಬಗ್ಗೆ ಈ ಕಾರ್ಖಾನೆಗೆ ಹದಿನಾಲ್ಕು ದೂರಿನ ಪತ್ರ ಬರೆದಿದ್ದೆ. ಕಂಬಿ ಎಲ್ಲಿ ಬೆನ್ನಿಗೆ ಒತ್ತುತ್ತದೆ, ಅಂಚು ಎಲ್ಲಿ ತೊಡೆಗೆ ಕೊರೆಯುತ್ತದೆ, ಎಷ್ಟನೆಯ ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ, ಎಲ್ಲ ಬರೆದಿದ್ದೆ. ಹದಿನೈದನೆಯ ಪತ್ರ ಬರೆಯುವ ಮುಂಚೆ ಮ್ಯಾನೇಜರು ಕರೆಸಿದರು. "ನೀವೇ ಬಂದು ಕೂತ್ಕೊಂಡು ಹೇಳಿಬಿಡಿ, ನಮಗೆ ಅಂಚೆಯ ಕಾಟ ತಪ್ಪುತ್ತೆ" ಅಂದರು. ಹುಟ್ಟಿದಾಗಿನಿಂದ ಬೈಸಿಕೊಂಡು ಬಂದ ಗುಣಕ್ಕೆ ಒಂದು ಕುರ್ಚಿ ಕೊಟ್ಟು ಗೌರವಿಸಿದ ಜಾಗ ಜಗತ್ತಿನಲ್ಲಿ ಅದೊಂದೇ.

ಸೀಟಿಗೆ ಎರಡು ಪರೀಕ್ಷೆ. ಮೊದಲನೆಯದು ಟೇಪಿನದು. ಅಗಲ ಇಷ್ಟಿರಬೇಕು, ಮುಂದಿನ ಸೀಟಿಗೂ ಮೊಣಕಾಲಿಗೂ ನಡುವೆ ಜಾಗ ಇಷ್ಟಿರಬೇಕು, ಒರಗುವ ಬೆನ್ನು ಇಷ್ಟೆತ್ತರ ಇರಬೇಕು ಎಂದು ನಿಯಮದ ಪುಸ್ತಕದಲ್ಲಿದೆ. ಅಳೆದು ಟಿಕ್ ಹಾಕಿದರೆ ಮುಗಿಯಿತು. ಟೇಪಿಗೇನು, ಅದಕ್ಕೆ ಸೊಂಟವಿಲ್ಲ. ಎರಡನೆಯದು ನನ್ನದು. ಹಳೆಯ ಬಸ್ಸೊಂದರಲ್ಲಿ ಆ ಸೀಟನ್ನು ಬಿಗಿದು, ಊರಾಚೆಯ ಗುಂಡಿಬಿದ್ದ ರಸ್ತೆಯಲ್ಲಿ ಮೂರು ಗಂಟೆ ಓಡಿಸುತ್ತಾರೆ. ನಾನು ಫೋನು ಮುಟ್ಟುವಂತಿಲ್ಲ, ನಿದ್ದೆ ಮಾಡುವಂತಿಲ್ಲ, ಏಳುವಂತಿಲ್ಲ. ನನ್ನ ಎದುರಿಗೆ ಮುಖ ಮಾಡಿ, ತೊಡೆಯ ಮೇಲೆ ಹಲಗೆಯಿಟ್ಟುಕೊಂಡು, ನಾವೆಲ್ಲ ಗೀಟಣ್ಣ ಎಂದು ಕರೆಯುವ ಗುಮಾಸ್ತರು ಕೂರುತ್ತಾರೆ. ನಾನು ಒಂದು ಸಲ ಹೊರಳಿದರೆ ಅವರು ಒಂದು ಗೀಟು ಎಳೆಯುತ್ತಾರೆ. ಕಾಲ ಮೇಲೆ ಕಾಲು ಹಾಕಿದರೆ ಒಂದು, ತೆಗೆದರೆ ಒಂದು, ಪೃಷ್ಠ ಎತ್ತಿ ಸರಿದರೆ ಒಂದು. ಕೆಮ್ಮು, ಸೀನು, ಆಕಳಿಕೆ ಲೆಕ್ಕಕ್ಕಿಲ್ಲ. ಮೂರು ಗಂಟೆಯಲ್ಲಿ ಗೀಟು ನೂರರ ಒಳಗಿದ್ದರೆ ಸೀಟು ಪಾಸು. ಮೇಲೆ ಹೋದರೆ ಮತ್ತೆ ಬಡಗಿಯ ಕೈಗೆ. ಕಾರಣ ಸರಳ: ಸೀಟು ಕೆಟ್ಟಷ್ಟೂ ಮನುಷ್ಯ ಹೆಚ್ಚು ಹೊರಳುತ್ತಾನೆ. ಬಾಯಿ ಸುಳ್ಳು ಹೇಳಬಹುದು, ಮೈ ಹೇಳುವುದಿಲ್ಲ ಎಂದು ಮ್ಯಾನೇಜರು ಬಂದವರಿಗೆಲ್ಲ ಹೇಳುತ್ತಿದ್ದರು.

ಗೀಟಣ್ಣ ಮಾತು ಕಡಿಮೆ. ಹನ್ನೊಂದು ವರ್ಷ ಒಬ್ಬ ಗಂಡಸು ನನ್ನನ್ನು ಅಷ್ಟು ನೆಟ್ಟ ನೋಟದಲ್ಲಿ ನೋಡಿದ್ದರೆ ಬೇರೆ ಕಡೆ ರಾದ್ಧಾಂತವಾಗುತ್ತಿತ್ತು. ಅವರು ನೋಡುವುದು ಮಾತ್ರ ಟೈಲರ್ ಬಟ್ಟೆ ನೋಡುವ ಹಾಗೆ.

ಹೋದ ತಿಂಗಳು ನಮ್ಮ ಇಂಜಿನಿಯರ್ ಹುಡುಗಿ ಹೊಸ ಸೀಟು ತಂದಳು. ಎರಡು ವರ್ಷ ಅದರ ಹಿಂದೆ ಬಿದ್ದಿದ್ದಳು. ಬೆನ್ನಿನ ಹಲಗೆ ತೆಳು, ಕುಶನ್ ತೆಳು, ಕಾಲುಗಳೂ ತೆಳು. ನಲವತ್ತೊಂಬತ್ತು ಜನ ಕೂರುವ ಬಸ್ಸಿನಲ್ಲಿ ಐವತ್ತಮೂರು ಜನರನ್ನು ಕೂರಿಸಬಹುದು, ಆದರೂ ಟೇಪು ತಕರಾರು ಮಾಡುವುದಿಲ್ಲ. ಮ್ಯಾನೇಜರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ನನಗೆ ಮಾತ್ರ ನೋಡಿದ ಕೂಡಲೇ ಮೈ ಉರಿಯಿತು. ಇಂಥ ರೊಟ್ಟಿಯಷ್ಟು ದಪ್ಪದ ಕುಶನ್ ಮೇಲೆ ಇನ್ನೂರು ಗೀಟು ಗ್ಯಾರಂಟಿ ಅಂದುಕೊಂಡು ಹೋಗಿ ಕೂತೆ.

ಮೂರು ಗಂಟೆ ಕಳೆದದ್ದೇ ತಿಳಿಯಲಿಲ್ಲ. ಕಿಟಕಿಯಾಚೆ ಗೋದಾಮುಗಳು, ಒಣಗಿದ ಕಾಲುವೆ, ಟೈರುಗಳ ಗುಡ್ಡೆ ಬಂದು ಹೋದವು. ಬಸ್ಸು ನಿಂತಾಗ ಗೀಟಣ್ಣ ಎರಡು ಸಲ ಎಣಿಸಿ, ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಎಣಿಸಿದರು.

"ಮೂವತ್ತೊಂದು" ಅಂದರು.

ಕಾರ್ಖಾನೆಯಲ್ಲಿ ಹಿಂದೆಂದೂ ಐವತ್ತರ ಕೆಳಗೆ ಇಳಿದದ್ದಿಲ್ಲ. ಹುಡುಗಿ ಓಡಿಬಂದು ನನ್ನನ್ನು ತಬ್ಬಿಕೊಂಡಳು. "ಅಕ್ಕಾ, ನಿಮ್ಮಿಂದಲೇ ಅಕ್ಕಾ!" ಎಂದು ಅತ್ತುಬಿಟ್ಟಳು. ಮ್ಯಾನೇಜರು ತಮ್ಮ ಕೋಣೆಯ ಗೋಡೆಯ ಮೇಲಿನ ದೊಡ್ಡ ನಕ್ಷೆಯಲ್ಲಿ ತಾವೇ ಕೆಂಪು ಗೆರೆ ಎಳೆದರು. ಪ್ರತಿ ಸೀಟಿನ ಗೀಟಿನ ಸಂಖ್ಯೆ ಆ ನಕ್ಷೆಯಲ್ಲಿದೆ. ಎಂಟು ವರ್ಷ ಗೆರೆ ಏರುತ್ತ ಇಳಿಯುತ್ತ ಹೋಗಿ, ಕಳೆದ ಮೂರು ವರ್ಷದಿಂದ ಒಂದೇ ಸಮನೆ ಕೆಳಗಿಳಿದಿದೆ: ತೊಂಬತ್ತನಾಲ್ಕು, ಎಂಬತ್ತೊಂದು, ಅರವತ್ತೆಂಟು, ಐವತ್ತೆರಡು, ಈಗ ಮೂವತ್ತೊಂದು. ನೋಡಲು ಬಂದ ಗಿರಾಕಿಗಳನ್ನು ಮೊದಲು ಆ ನಕ್ಷೆಯ ಮುಂದೆ ನಿಲ್ಲಿಸುತ್ತಿದ್ದರು. ನನಗೂ ಹೆಮ್ಮೆಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಅದಾದ ಎರಡು ದಿನಕ್ಕೆ ಮಾರುಕಟ್ಟೆಯಿಂದ ಬಂದು ಮೆಟ್ಟಿಲು ಹತ್ತಿ ಬಾಗಿಲಲ್ಲಿ ಚೀಲ ಇಳಿಸಿದೆ. ಅತ್ತೆ ನನ್ನ ಕಾಲನ್ನೇ ನೋಡುತ್ತಿದ್ದರು.

"ಇನ್ನೊಂದು ಚಪ್ಪಲಿ ಎಲ್ಲಿ?"

ಎಡಗಾಲು ಬರಿಗಾಲು. ಮೆಟ್ಟಿಲಿಳಿದು ನೋಡಿದರೆ ಚಪ್ಪಲಿ ಬೀದಿಯ ತಿರುವಿನಲ್ಲಿ ಬಿದ್ದಿತ್ತು. ಅಷ್ಟು ದೂರ ಬರಿಗಾಲಲ್ಲಿ ನಡೆದು ಬಂದಿದ್ದೆ, ಗೊತ್ತೇ ಆಗಿರಲಿಲ್ಲ.

"ಮರೆವು ಅತ್ತೆ" ಅಂದೆ.

"ಮರೆವಲ್ಲ. ಎಷ್ಟೋ ದಿನದಿಂದ ಹೇಳ್ಬೇಕು ಅಂದ್ಕೊಂಡಿದ್ದೆ. ನೀನು ಬದಲಾಗಿದ್ದೀಯ. ಮೊದಲು ಊಟಕ್ಕೆ ಕೂತ್ರೆ ನಾಲ್ಕು ಸಲ ಎದ್ದು ಓಡಾಡ್ತಿದ್ದೆ. ಈಗ ಕಲ್ಲಿನ ಹಾಗೆ ಕೂತಿರ್ತೀಯ. ಸದ್ಯ, ಈ ವಯಸ್ಸಿಗಾದ್ರೂ ತಾಳ್ಮೆ ಬಂತು ಅಂತ ನಾನೂ ಸುಮ್ಮನಿದ್ದೆ."

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹೊಲಿಗೆಯ ಸೂಜಿ ತೆಗೆದುಕೊಂಡೆ. ಬಲ ತೊಡೆಗೆ ಚುಚ್ಚಿದರೆ ಕೂಗುವಷ್ಟು ನೋವು. ಎಡಕ್ಕೆ ಚುಚ್ಚಿದೆ. ಇನ್ನೂ ಸ್ವಲ್ಪ ಒತ್ತಿದೆ. ರಕ್ತ ಬಂತು, ನೋವು ಬರಲಿಲ್ಲ. ಪೃಷ್ಠದಿಂದ ಪಾದದವರೆಗೆ ಆ ಕಾಲು ಬೇರೆ ಯಾರದ್ದೋ ಆಗಿತ್ತು. ಬಲಗಾಲೂ ಪೂರ್ತಿ ನೆಟ್ಟಗಿಲ್ಲ ಎನ್ನುವುದು ಮೊಣಕಾಲಿನ ಹಿಂದೆ ಚುಚ್ಚಿದಾಗ ಗೊತ್ತಾಯಿತು. ಹಾಸಿಗೆಯ ಅಂಚಿನಲ್ಲಿ ಕೂತು ಮೂವತ್ತೊಂದು ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಹೊರಳದೆ ಕೂತದ್ದು ಸೀಟು ಚೆನ್ನಾಗಿದ್ದದ್ದಕ್ಕಲ್ಲ.

ಡಾಕ್ಟರು ಬೆನ್ನ ಕೆಳಗೆ ಬೆರಳಿಟ್ಟು ಒತ್ತಿ, ಅಲ್ಲಿ ನರ ಸಿಕ್ಕಿಕೊಂಡಿದೆ, ನಿಧಾನವಾಗಿ ಆಗಿರುವಂಥದ್ದು, ಪೂರ್ತಿ ವಾಪಸು ಬರುತ್ತೋ ಇಲ್ಲವೋ ಹೇಳಲಾಗದು ಅಂದರು.

"ಕೂರೋದನ್ನ ಕಡಿಮೆ ಮಾಡ್ಬೇಕು. ಏನು ಕೆಲಸ ನಿಮ್ದು?"

"ಕೂರೋದು" ಅಂದೆ. ಅವರು ನಕ್ಕರು. ನನಗೆ ಅಳು ಬಂತು.

ಎರಡನೆಯ ಸುತ್ತಿನ ಪರೀಕ್ಷೆಗೆ ನಾಲ್ಕು ದಿನವಿತ್ತು. ಒಂದೇ ಸೀಟಿನ ಮೇಲೆ ಎರಡು ಸಲ ಕೂರಬೇಕು, ಎರಡೂ ಸಲ ನೂರರೊಳಗೆ ಬಂದರೆ ಮಾತ್ರ ಕಟ್ಟಲು ಶುರು. ಆ ನಾಲ್ಕು ದಿನ ನನ್ನ ತಲೆ ಮಾತ್ರ ಹೊರಳಾಡಿತು, ಮೈ ಸುಮ್ಮನೆ ಬಿದ್ದಿತ್ತು. ನಿಜ ಹೇಳಿದರೆ ಕೆಲಸ ಹೋಯಿತು. ಕೆಲಸ ಹೋದರೆ ಮನೆಯ ಒಲೆ ಆರುವುದಿಲ್ಲ, ನಮ್ಮ ಮನೆಯವರ ಸಂಬಳವಿದೆ. ಆದರೆ ನಾನು ಯಾರು? ನಲವತ್ತೊಂಬತ್ತು ವರ್ಷದಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದದ್ದು ಒಂದೇ, ಚಡಪಡಿಸುವುದು. ಅದನ್ನೂ ಕಳೆದುಕೊಂಡ ಹೆಂಗಸು ಎಂದು ಎದ್ದು ನಿಂತು ಹೇಳಬೇಕೆ? ಹೇಳದಿದ್ದರೆ ಆ ಸೀಟು ಸಾವಿರಾರು ಜನರ ಕೆಳಗೆ ಹೋಗುತ್ತದೆ.

ಆಗ ಒಂದು ಬುದ್ಧಿವಂತಿಕೆ ಹೊಳೆಯಿತು. ಕೆಟ್ಟ ಯೋಚನೆಗಳೆಲ್ಲ ಮೊದಲು ಬುದ್ಧಿವಂತಿಕೆಯ ವೇಷದಲ್ಲೇ ಬರುತ್ತವೆ. ನಾನೇ ಬೇಕೆಂದು ಹೊರಳಿದರೆ? ಗೀಟು ನೂರು ದಾಟಿದರೆ ಸೀಟು ಫೇಲು, ಜನಕ್ಕೆ ತೊಂದರೆಯಿಲ್ಲ, ನನ್ನ ಕೆಲಸವೂ ಉಳಿಯಿತು. ಮುಂದಿನದ್ದನ್ನು ಮುಂದೆ ನೋಡಿಕೊಂಡರಾಯಿತು.

ಬಸ್ಸು ಹೊರಟಿತು. ಚಡಪಡಿಸುವುದು ಹೇಗೆ ಎಂದು ನನಗೆ ಗೊತ್ತಿಲ್ಲ ಎನ್ನುವುದು ಆಗ ತಿಳಿಯಿತು. ನಲವತ್ತೊಂಬತ್ತು ವರ್ಷ ಮಾಡಿದ್ದೇನೆ, ಒಂದು ಸಲವೂ ಗಮನಿಸಿಲ್ಲ. ಮೊದಲು ಯಾವ ಕಾಲು? ಎಷ್ಟು ಹೊತ್ತಿಗೊಮ್ಮೆ? ಕಿಟಕಿಯಾಚೆ ವಿದ್ಯುತ್ ಕಂಬಗಳನ್ನು ಎಣಿಸಿಕೊಂಡು ಇಪ್ಪತ್ತಕ್ಕೊಮ್ಮೆ ಹೊರಳಿದೆ. ಕಾಲ ಮೇಲೆ ಕಾಲು ಹಾಕಿದೆ, ತೆಗೆದೆ. ಸೊಂಟ ತಿರುಗಿಸಿದೆ. ಮಧ್ಯೆ ಇನ್ನೊಂದು ಯೋಚನೆ ಬಂತು: ಈ ಸೀಟು ನಿಜವಾಗಿ ಚೆನ್ನಾಗಿಯೇ ಇದ್ದರೆ? ಕೆಟ್ಟದ್ದು ಅಂತ ಹೇಳಿದ್ದು ಯಾರು? ನನ್ನ ಕಣ್ಣು. ಕಣ್ಣಿನಿಂದ ಸೀಟನ್ನು ಅಳೆಯುವವರನ್ನು ಹನ್ನೊಂದು ವರ್ಷ ಆಡಿಕೊಂಡವಳು ನಾನೇ. ನನ್ನ ಕೆಳಗಿರುವುದು ಹಾಸಿಗೆಯೋ ಹಲಗೆಯೋ ನನಗೆ ತಿಳಿಯುತ್ತಿರಲಿಲ್ಲ. ಆ ಹುಡುಗಿಯ ಎರಡು ವರ್ಷದ ದುಡಿಮೆಯ ಮೇಲೆ ನಾನು ಕಂಬ ಎಣಿಸಿಕೊಂಡು ಕೂತಿದ್ದೆ. ಆದರೂ ನಿಲ್ಲಿಸಲಿಲ್ಲ, ಹೆದರಿಕೆ ಅಷ್ಟಿತ್ತು.

ನೂರಾ ಮೂವತ್ತಾರು.

ಮ್ಯಾನೇಜರ ಕೂಗು ವೆಲ್ಡಿಂಗ್ ಶೆಡ್ಡಿನವರೆಗೆ ಕೇಳಿಸಿತು. ಮೊದಲ ಪರೀಕ್ಷೆಯ ನಂತರ ಹುಡುಗಿಯೇ ಕುಶನ್ ಬದಲಾಯಿಸಿ ಏನೋ ಕಿತಾಪತಿ ಮಾಡಿದ್ದಾಳೆ ಎನ್ನುವುದು ಅವರ ತೀರ್ಮಾನ. "ಅದೇ ಸೀಟು, ಸರ್. ಒಂದು ಹೊಲಿಗೆ ಕೂಡ ಬದಲಾಗಿಲ್ಲ, ಸರ್" ಎಂದು ಅವಳು ಹೇಳುತ್ತಲೇ ಇದ್ದಳು. ಕೊನೆಗೆ ಅವರು, "ಹಾಗಾದ್ರೆ ಒಂದೇ ಸೀಟು ಮೂವತ್ತೊಂದೂ ಆಗುತ್ತೆ, ನೂರಾ ಮೂವತ್ತಾರೂ ಆಗುತ್ತಾ? ನಿನ್ನ ಸಾಮಾನು ಕಟ್ಕೊಂಡು ಹೊರಡು" ಅಂದರು.

ನಾನು ಹೊರಗೆ ಬಸ್ಸಿನ ಮೆಟ್ಟಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡೆ. ಗೀಟಣ್ಣ ಹಲಗೆ ಹಿಡಿದು ಇಳಿದು ಬಂದರು. ಹೋಗಿಬಿಡುತ್ತಾರೆ ಅಂದುಕೊಂಡೆ. ಪಕ್ಕದಲ್ಲಿ ನಿಂತರು.

"ತಂಗಿ, ನಾನು ಕಂಡಷ್ಟು ಗೀಟು ಹಾಕಿದ್ದೀನಿ. ನನ್ನ ಕೆಲಸ ಅಷ್ಟೇ. ಆದ್ರೆ ಇವತ್ತು ಹೊರಳಿದ್ದು ನೀನಲ್ಲ."

"ಏನಣ್ಣ ಹಾಗಂದ್ರೆ?"

"ನೀನು ಹೊರಳೋ ಮುಂಚೆ ಹುಬ್ಬು ಗಂಟಿಕ್ಕುತ್ತೀಯ. ಯಾವತ್ತೂ. ಮೊದಲು ಮುಖಕ್ಕೆ ಬರುತ್ತೆ, ಆಮೇಲೆ ಮೈಗೆ. ಇವತ್ತು ಮುಖದಲ್ಲಿ ಏನೂ ಇರ್ಲಿಲ್ಲ. ಹೋದ ಸಲನೂ ಇರ್ಲಿಲ್ಲ." ಅವರು ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡರು. "ಏನಾಗಿದೆ ನಿಂಗೆ?"

ನನ್ನ ಗಂಡ ಕೇಳಿರಲಿಲ್ಲ ಈ ಪ್ರಶ್ನೆಯನ್ನು. ಕಾಲು, ಸೂಜಿ, ಡಾಕ್ಟರು, ಕಂಬಗಳು, ಎಲ್ಲ ನಿಂತ ಕಾಲಲ್ಲೇ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. "ಒಳಗೆ ಆ ಮಗು ಅಳ್ತಾ ಇದೆ" ಅಂದರು ಅಷ್ಟೇ.

ಮ್ಯಾನೇಜರ ಕೋಣೆಯ ಬಾಗಿಲನ್ನು ನಾನು ಯಾವತ್ತೂ ತಟ್ಟದೆ ತೆರೆದವಳಲ್ಲ. ಅಂದು ತೆರೆದೆ. ಹುಡುಗಿ ಕಣ್ಣು ಕೆಂಪು ಮಾಡಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಗೀಟಣ್ಣ ನನ್ನ ಹಿಂದೆ ಬಂದು ನಿಂತರು.

"ಸರ್, ಇವಳದ್ದೇನೂ ತಪ್ಪಿಲ್ಲ. ನನ್ನ ಕಾಲಿಗೆ ಸ್ಪರ್ಶ ಇಲ್ಲ. ಮೊದಲನೇ ಸಲ ಏನೂ ಗೊತ್ತಾಗದೆ ಕೂತಿದ್ದೆ. ಎರಡನೇ ಸಲ ಬೇಕೂಂತ ಹೊರಳಿದೆ. ಈ ಸೀಟು ಹೇಗಿದೆ ಅಂತ ನಂಗೆ ಗೊತ್ತಿಲ್ಲ."

ಹುಡುಗಿ ನನ್ನ ಮೇಲೆ ಎಗರುತ್ತಾಳೆ ಅಂದುಕೊಂಡಿದ್ದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವಳು ಮೆಲ್ಲಗೆ ಕೇಳಿದಳು:

"ಯಾವಾಗಿನಿಂದ ಅಕ್ಕಾ?"

"ಡಾಕ್ಟ್ರು ಹೇಳಿದ್ರು, ನಿಧಾನವಾಗಿ ಆಗಿರೋದು ಅಂತ. ಯಾವಾಗಿನಿಂದ ಅಂತ..."

ನಾನು ಮುಗಿಸಲಿಲ್ಲ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಮ್ಯಾನೇಜರ ತಲೆಯ ಮೇಲಿನ ನಕ್ಷೆಯನ್ನು ನೋಡುತ್ತಿದ್ದಳು. ನಾನೂ ನೋಡಿದೆ. ಮೂರು ವರ್ಷದಿಂದ ಒಂದೇ ಸಮನೆ ಇಳಿದು ಬಂದ ಕೆಂಪು ಗೆರೆ. ಪ್ರತಿ ಸಲವೂ ಹಿಂದಿನದಕ್ಕಿಂತ ಒಳ್ಳೆಯ ಸೀಟು. ಪ್ರತಿ ಸಲವೂ ಚಪ್ಪಾಳೆ. ನನ್ನ ಕಾಲು ಸಾಯುತ್ತ ಬಂದದ್ದನ್ನು ನಾವೆಲ್ಲ ಸೇರಿ ಗೋಡೆಗೆ ಬರೆದು, ಗಿರಾಕಿಗಳಿಗೆ ತೋರಿಸಿದ್ದೆವು.

"ಆ ಸೀಟುಗಳೆಲ್ಲ ಎಷ್ಟು ಬಸ್ಸಿನಲ್ಲಿವೆ ಸರ್?" ಎಂದು ಹುಡುಗಿ ಕೇಳಿದಳು.

ಮ್ಯಾನೇಜರಿಗೆ ಗೊತ್ತಿತ್ತು. ಎದ್ದು ಬಾಗಿಲು ಹಾಕಿ ಬಂದು ಕೂತರು. "ಟೇಪಿನ ಪರೀಕ್ಷೆಯಲ್ಲಿ ಎಲ್ಲ ಪಾಸಾಗಿವೆ. ನಿಯಮದ ಪ್ರಕಾರ ಎಲ್ಲ ಸರಿಯಾಗಿದೆ. ಈ ಮಾತು ಈ ಕೋಣೆಯಿಂದ ಆಚೆ ಹೋಗೋದು ಬೇಡ" ಅಂದರು. ಹುಡುಗಿಗೆ, "ನೀನು ಹೋಗು, ಕೆಲಸ ಮಾಡು" ಅಂದರು. ನನಗೆ, "ನೀವು ಮನೆಗೆ ಹೋಗಿ ರೆಸ್ಟ್ ತಗೊಳ್ಳಿ ಮೇಡಂ" ಅಂದರು. ನಾಳೆ ಬರಬೇಡಿ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ. ಹುಡುಗಿ ಹೊರಗೆ ಬಂದು, "ಇನ್ಮೇಲೆ ಒಬ್ಬರಲ್ಲ, ಹತ್ತು ಜನ ಕೂರ್ಬೇಕು ಅಕ್ಕಾ. ನಾನೇ ಮೊದಲು ಕೂರ್ತೀನಿ" ಅಂದಳು. ಕ್ಷಮಿಸಿದ್ದೇನೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಕಾರ್ಖಾನೆಯ ಮುಂದಿನ ನಿಲ್ದಾಣದಲ್ಲಿ ಬಸ್ಸು ಹತ್ತಿದೆ. ಸಂಜೆಯ ಬಸ್ಸು, ಕೆಲಸ ಬಿಟ್ಟ ಜನ ತುಂಬಿದ್ದರು. ಕಂಬಿ ಹಿಡಿದು ನಿಂತ ಮೇಲೆ ಸೀಟುಗಳ ಕಡೆ ಕಣ್ಣು ಹೋಯಿತು. ಬೂದು ಬಣ್ಣದ ರೆಕ್ಸಿನ್, ಅಂಚಿಗೆ ಎರಡು ಸಾಲು ಹೊಲಿಗೆ. ಎರಡು ವರ್ಷದ ಹಿಂದೆ ನಾನು ಅರವತ್ತೆಂಟು ಗೀಟಿಗೆ ಪಾಸು ಮಾಡಿದ್ದ ಸೀಟು.

ನನ್ನ ಪಕ್ಕದ ಸೀಟಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಮಡಿಲಲ್ಲಿ ಔಷಧಿಯ ಚೀಲ ಇಟ್ಟುಕೊಂಡು ಕೂತಿದ್ದರು. ಎಡಕ್ಕೆ ವಾಲಿದರು. ಬಲಕ್ಕೆ ವಾಲಿದರು. ತೊಡೆಯ ಕೆಳಗೆ ಅಂಗೈ ಕೊಟ್ಟು ಸ್ವಲ್ಪ ಹೊತ್ತು ಕೂತು, ಕೈ ನೊಂದದ್ದಕ್ಕೋ ಏನೋ ತೆಗೆದರು. ಮುಂದಿನ ಸೀಟಿನ ಕಂಬಿ ಹಿಡಿದು ಅರ್ಧ ಎದ್ದು ಮತ್ತೆ ಕೂತರು. ಅವರ ಹಿಂದೆ ಕೂತ ಯುವಕನೂ ಹೊರಳುತ್ತಿದ್ದ. ಅವನ ಪಕ್ಕದವರೂ. ಇಡೀ ಬಸ್ಸು ಸದ್ದಿಲ್ಲದೆ ಹೊರಳುತ್ತಿತ್ತು. ಇಷ್ಟು ವರ್ಷ ಇದೇ ಬಸ್ಸುಗಳಲ್ಲಿ ಓಡಾಡಿದ್ದೇನೆ, ಮನೆಗೆ ಹೋಗುವ ಅವಸರದಲ್ಲಿ ಒಂದು ದಿನ ಕಣ್ಣೆತ್ತಿ ನೋಡಿರಲಿಲ್ಲ.

ನಾನು ನೋಡುತ್ತಿರುವುದನ್ನು ಆ ಹೆಂಗಸು ಗಮನಿಸಿ ನಾಚಿಕೊಂಡರು.

"ಎಲ್ಲಿ ಕೂತ್ರೂ ಆಗಲ್ಲಮ್ಮ ನಂಗೆ. ಕಾಲೆಲ್ಲ ಹಿಡ್ಕೊಳ್ಳುತ್ತೆ. ಬಸ್ಸಲ್ಲಿ ಎರಡು ವರ್ಷದಿಂದ ಹೀಗೇ. ವಯಸ್ಸಾಯ್ತು ನೋಡು, ಮೈಯೇ ಕೆಟ್ಟು ಹೋಗಿದೆ. ಡಾಕ್ಟ್ರ ಹತ್ರನೂ ತೋರಿಸ್ದೆ, ಏನೂ ಇಲ್ಲ ಅಂತಾರೆ."

ಮ್ಯಾನೇಜರು ಬಾಗಿಲು ಹಾಕಿ ಹೇಳಿದ್ದು ನೆನಪಿತ್ತು. ನೆನಪಿದ್ದೂ ಬಾಯಿ ನಿಲ್ಲಲಿಲ್ಲ.

"ನಿಮ್ಮ ಮೈ ಸರಿಯಾಗಿದೆ ಅಮ್ಮ" ಅಂದೆ. "ಸೀಟು ಸರಿಯಿಲ್ಲ. ಅದನ್ನ ಸರಿಯಿದೆ ಅಂತ ಹೇಳಿದ್ದು ನಾನು. ತಪ್ಪು ನನ್ನದು."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಕಂಬಿಗೆ ಜೋತುಬಿದ್ದು ಕಣ್ಣೀರು ಸುರಿಸುತ್ತಿರುವ ಹೆಂಗಸಿನಲ್ಲಿ ಅವರಿಗೆ ಏನು ಕಂಡಿತೋ. ಔಷಧಿಯ ಚೀಲವನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಕಡೆಗೆ ಸರಿದು ಪಕ್ಕದಲ್ಲಿ ಅಂಗೈಯಗಲ ಜಾಗ ಮಾಡಿದರು.

"ನಿಂತ್ಕೊಂಡಿರೋಳು ನೀನೇನು ತಪ್ಪು ಮಾಡ್ತೀಯ ತಾಯಿ. ಸುಸ್ತಾಗಿದೆ ನಿಂಗೆ. ಬಾ, ಇಲ್ಲಿ ಕೂತ್ಕೋ" ಅಂದರು.